ಆಮವಾತದ ಬ್ಲಡ್ ರಿಪೋರ್ಟ್ ಓದುವುದು ಹೇಗೆ? 11 ವರ್ಷದ ಫೈಲಿನಿಂದ ಕಲಿತದ್ದು

ರಿಪೋರ್ಟ್ ಮಂಗಳವಾರ ಸಂಜೆ ವಾಟ್ಸಾಪ್‌ಗೆ ಬರುತ್ತದೆ. ಡಾಕ್ಟರ್ ಸಿಗುವುದು ಶುಕ್ರವಾರ. ನಡುವೆ ಮೂರು ರಾತ್ರಿ. ದಪ್ಪ ಅಕ್ಷರದಲ್ಲಿರುವ ನಂಬರುಗಳನ್ನು ಮತ್ತೆ ಮತ್ತೆ ನೋಡುತ್ತಾ, ಏನೇನೋ ಊಹಿಸಿಕೊಳ್ಳುತ್ತಾ ಆ ಮೂರು ರಾತ್ರಿ ಕಳೆಯುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಈ ಬರಹ ಆ ಮೂರು ರಾತ್ರಿಗಾಗಿ.

ನನಗೆ ರುಮಟಾಯ್ಡ್ ಆರ್ಥ್ರೈಟಿಸ್ ಶುರುವಾಗಿ 11 ವರ್ಷವಾಯಿತು. ನಾನು ಡಾಕ್ಟರ್ ಅಲ್ಲ. ಮಾತ್ರೆ ಹೆಚ್ಚು ಕಡಿಮೆ ಮಾಡುವುದು ಏನಿದ್ದರೂ ನಿಮ್ಮ ರುಮಟಾಲಜಿಸ್ಟ್, ಅಂದರೆ ಈ ಕಾಯಿಲೆಯ ತಜ್ಞ ಡಾಕ್ಟರ್ ಕೆಲಸ. ಆದರೆ ರಿಪೋರ್ಟಿನಲ್ಲಿ ಯಾವುದಕ್ಕೆ ಗಾಬರಿಯಾಗಬೇಕಿಲ್ಲ, ಯಾವುದನ್ನು ಶುಕ್ರವಾರದವರೆಗೂ ಕಾಯದೆ ಫೋನ್ ಮಾಡಿ ಹೇಳಬೇಕು, ಇಷ್ಟನ್ನು ನಾವೇ ಕಲಿಯಬಹುದು. ಕಲಿಯಲೇಬೇಕು ಅಂತ ನನ್ನ ಅನುಭವ.

ಮೊದಲು ಹೆಸರಿನ ಗೊಂದಲ. ಸಂಧಿವಾತ ಅಂದರೆ ಯಾವುದೇ ಕೀಲಿನ ಕಾಯಿಲೆ. ವಯಸ್ಸಾದ ಮೇಲೆ ಮಂಡಿ ಸವೆಯುವುದೂ ಅದರಲ್ಲೇ ಬರುತ್ತದೆ. ನಾನು ಹೇಳುತ್ತಿರುವುದು ಜನ ಆಮವಾತ ಅಂತ ಕರೆಯುವ ರುಮಟಾಯ್ಡ್ ಬಗ್ಗೆ. ಇದರಲ್ಲಿ ದೇಹದ ರಕ್ಷಣಾ ಪಡೆಯೇ ಕೀಲಿನ ಒಳಪದರದ ಮೇಲೆ ತಿರುಗಿ ಬೀಳುತ್ತದೆ. ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಬರುವುದಿಲ್ಲ, ನಲ್ಲಿ ತಿರುಗಿಸಲು ಆಗುವುದಿಲ್ಲ, ಎರಡೂ ಕೈಯ ಗೆಣ್ಣುಗಳು ಊದಿಕೊಳ್ಳುತ್ತವೆ.

ಹೆಜ್ಜೆ 1: ರಕ್ತ ಕೊಡುವ ದಿನವೇ ನಾಲ್ಕು ವಿಷಯ ಬರೆದಿಡಿ

ರಿಪೋರ್ಟ್ ಓದುವ ಕೆಲಸ ರಕ್ತ ಕೊಡುವ ದಿನವೇ ಶುರು. ಕಳೆದ ಎರಡು ವಾರದಲ್ಲಿ ಜ್ವರ, ಕೆಮ್ಮು, ಉರಿಮೂತ್ರ, ಹಲ್ಲಿನ ಕೀವು ಏನಾದರೂ ಇತ್ತಾ? ಆಮವಾತಕ್ಕೆ ಹೆಚ್ಚಿನವರು ತೆಗೆದುಕೊಳ್ಳುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ಕೊನೆಯ ಸಲ ತೆಗೆದುಕೊಂಡದ್ದು ಯಾವ ದಿನ? ಸ್ಟೀರಾಯ್ಡ್ ಎಷ್ಟು ಮಿಲಿಗ್ರಾಂ ನಡೆಯುತ್ತಿದೆ? ನೋವಿನ ಮಾತ್ರೆ ಎಷ್ಟು ದಿನ ನುಂಗಿದಿರಿ? ಈ ನಾಲ್ಕಕ್ಕೆ ಉತ್ತರವನ್ನು ಒಂದು ನೋಟ್‌ಬುಕ್ಕಿನಲ್ಲಿ ತಾರೀಖಿನೊಂದಿಗೆ ಬರೆದಿಡಿ. ಇವು ಇಲ್ಲದೆ ನಂಬರುಗಳು ಅರ್ಥವಾಗುವುದಿಲ್ಲ.

ಉರಿಯೂತ, ಅಂದರೆ ಒಳಗಿನ ಊತ, ಉರಿ ಎಷ್ಟಿದೆ ಅಂತ ಅಳೆಯುವ ಇಎಸ್‌ಆರ್, ಸಿಆರ್‌ಪಿ ಟೆಸ್ಟುಗಳಿಗೆ ಖಾಲಿ ಹೊಟ್ಟೆ ಬೇಕಿಲ್ಲ. ಜೊತೆಗೆ ಸಕ್ಕರೆ, ಕೊಲೆಸ್ಟ್ರಾಲ್ ಕೂಡ ಬರೆದಿದ್ದರೆ ಉಪವಾಸ ಬೇಕಾಗಬಹುದು, ಲ್ಯಾಬಿನಲ್ಲಿ ಮೊದಲೇ ಕೇಳಿಕೊಳ್ಳಿ. ಟೆಸ್ಟ್ ಇದೆ ಅಂತ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಕೂದಲಿಗೆ ಅಂತ ಬಯೋಟಿನ್ ತಿನ್ನುತ್ತಿದ್ದರೆ ಹೇಳಿ, ಕೆಲವು ಟೆಸ್ಟುಗಳ ಫಲಿತಾಂಶವನ್ನು ಅದು ಏರುಪೇರು ಮಾಡುತ್ತದೆ. ಸಾಧ್ಯವಾದಷ್ಟು ಪ್ರತಿ ಸಲ ಒಂದೇ ಲ್ಯಾಬಿಗೆ ಹೋಗಿ. ಬೇರೆ ಬೇರೆ ಕಡೆ ಮಾಡಿಸಿದರೆ ವಿಧಾನ ಬದಲು, ಅಳತೆ ಬದಲು, ಹೋಲಿಸುವುದು ಕಷ್ಟ.

ಹೆಜ್ಜೆ 2: ದಪ್ಪ ಅಕ್ಷರ ಆಮೇಲೆ, ಅಳತೆ ಮೊದಲು

ಇದನ್ನು ನಾನು ಪೆಟ್ಟು ತಿಂದೇ ಕಲಿತೆ. ಒಮ್ಮೆ ನನ್ನ ಸಿಆರ್‌ಪಿ 1.8 ಬಂದಿತ್ತು. ಹಿಂದಿನ ಸಲ 16 ಇತ್ತು. ಅಬ್ಬಾ, ಇಳಿದೇಬಿಟ್ಟಿತು ಅಂತ ಮನೆಯವರಿಗೆಲ್ಲ ಹೇಳಿದೆ. ಡಾಕ್ಟರ್ ನೋಡಿದವರೇ, "ಅಮ್ಮಾ, ಇದು ಬೇರೆ ಲ್ಯಾಬಿನದು. ಇಲ್ಲಿ ಡೆಸಿಲೀಟರ್ ಲೆಕ್ಕ ಹಾಕಿದ್ದಾರೆ. ಹಳೆಯ ಲೆಕ್ಕದಲ್ಲಿ ಇದು 18" ಅಂದರು. ಇಳಿದಿರಲಿಲ್ಲ, ಚೂರು ಏರಿತ್ತು.

ಒಂದು ಲೀಟರಿಗೆ ಎಷ್ಟು ಮಿಲಿಗ್ರಾಂ ಅನ್ನುವುದು ಒಂದು ಲೆಕ್ಕ, ಒಂದು ಡೆಸಿಲೀಟರಿಗೆ ಎಷ್ಟು ಅನ್ನುವುದು ಇನ್ನೊಂದು. ಎರಡರ ನಡುವೆ ಹತ್ತು ಪಟ್ಟು ವ್ಯತ್ಯಾಸ. ಆದ್ದರಿಂದ ಪ್ರತಿ ಸಾಲಿನಲ್ಲೂ ನಂಬರ್, ಅಳತೆ, ಲ್ಯಾಬ್ ಕೊಟ್ಟಿರುವ ನಾರ್ಮಲ್ ಮಿತಿ, ಮೂರನ್ನೂ ಒಟ್ಟಿಗೆ ನೋಡಿ.

ನಾರ್ಮಲ್ ಮಿತಿ ಬಂದದ್ದು ಹೇಗೆ ಅಂತಲೂ ತಿಳಿದಿರಲಿ. ಆರೋಗ್ಯವಂತರನ್ನು ಪರೀಕ್ಷೆ ಮಾಡಿ, ಅವರಲ್ಲಿ ನೂರಕ್ಕೆ 95 ಜನರ ನಂಬರ್ ಎಲ್ಲಿಂದ ಎಲ್ಲಿಗೆ ಬರುತ್ತದೋ ಅದನ್ನೇ ಸಾಮಾನ್ಯವಾಗಿ ಮಿತಿ ಅಂತ ಇಟ್ಟಿರುತ್ತಾರೆ. ಅಂದರೆ ಏನೂ ಕಾಯಿಲೆ ಇಲ್ಲದ ಐದು ಜನ ಕೂಡ ಅದರ ಹೊರಗೆ ಬೀಳುತ್ತಾರೆ. 20 ಟೆಸ್ಟಿನ ಪ್ಯಾಕೇಜ್ ಮಾಡಿಸಿದರೆ ಎಲ್ಲೋ ಒಂದು ನಂಬರ್ ದಪ್ಪಗೆ ಕಾಣುವ ಸಾಧ್ಯತೆಯೇ ಜಾಸ್ತಿ. ಮಿತಿಯಿಂದ ಕೂದಲೆಳೆಯಷ್ಟು ಆಚೆ ಇರುವ ಒಂಟಿ ನಂಬರಿಗೆ ನಿದ್ದೆ ಕೆಡಿಸಿಕೊಳ್ಳಬೇಡಿ.

ಹೆಜ್ಜೆ 3: ರಿಪೋರ್ಟನ್ನು ಮೂರು ಗುಂಪು ಮಾಡಿ

ಇದು ನನಗೆ ಎಲ್ಲಕ್ಕಿಂತ ಹೆಚ್ಚು ನೆರವಾದ ಕೆಲಸ. ಪುಟಗಟ್ಟಲೆ ಇರುವ ನಂಬರುಗಳು ನಿಜವಾಗಿ ಮೂರೇ ಪ್ರಶ್ನೆಗೆ ಉತ್ತರ ಕೊಡುತ್ತಿರುತ್ತವೆ.

ಇದು ಆಮವಾತವೇ ಹೌದಾ? ಅದಕ್ಕೆ ಆರ್‌ಎ ಫ್ಯಾಕ್ಟರ್ ಮತ್ತು ಆ್ಯಂಟಿ ಸಿಸಿಪಿ, ಆಮವಾತದಲ್ಲಿ ರಕ್ತದಲ್ಲಿ ಕಾಣುವ ಎರಡು ಪ್ರತಿಕಾಯಗಳ ಟೆಸ್ಟ್.
ಈಗ ಎಷ್ಟು ಜೋರಾಗಿದೆ? ಅದಕ್ಕೆ ಇಎಸ್‌ಆರ್ ಮತ್ತು ಸಿಆರ್‌ಪಿ.
ಮಾತ್ರೆ ದೇಹಕ್ಕೆ ಒಗ್ಗುತ್ತಿದೆಯಾ? ಅದಕ್ಕೆ ಸಿಬಿಸಿ (ರಕ್ತಕಣಗಳ ಎಣಿಕೆ), ಲಿವರ್, ಕಿಡ್ನಿ ಟೆಸ್ಟ್.

ಪೆನ್ಸಿಲ್ ತೆಗೆದುಕೊಂಡು ಪ್ರತಿ ಸಾಲಿನ ಪಕ್ಕ 1, 2, 3 ಅಂತ ಗುರುತು ಹಾಕಿ. ಯಾವ ಗುಂಪಿಗೂ ಸೇರದ್ದು ಉಳಿಯುತ್ತದೆ. ಉದಾಹರಣೆಗೆ ನಮ್ಮಲ್ಲಿ "ಆರ್ಥ್ರೈಟಿಸ್ ಪ್ರೊಫೈಲ್" ಅಂತ ಮಾಡುವಾಗ ಎಎಸ್‌ಒ, ಯೂರಿಕ್ ಆ್ಯಸಿಡ್ ಸೇರಿಸಿರುತ್ತಾರೆ. ಎಎಸ್‌ಒ ಗಂಟಲಿನ ಒಂದು ಬ್ಯಾಕ್ಟೀರಿಯಾಕ್ಕೆ ಸಂಬಂಧಿಸಿದ್ದು, ರುಮ್ಯಾಟಿಕ್ ಜ್ವರ ಪತ್ತೆಗೆ ಬೇಕಾದದ್ದು. ಹೆಸರು ಹತ್ತಿರವಿದೆ, ಕಾಯಿಲೆ ಬೇರೆ. ಯೂರಿಕ್ ಆ್ಯಸಿಡ್ ಗೌಟ್ ಅನ್ನುವ ಇನ್ನೊಂದು ಕೀಲಿನ ಕಾಯಿಲೆಗೆ. ಅವು ಸ್ವಲ್ಪ ಏರಿದರೆ ನಿಮ್ಮ ಆಮವಾತ ಏರಿದೆ ಅಂತಲ್ಲ.

ಹೆಜ್ಜೆ 4: ಮೊದಲ ಗುಂಪು, ಪಾಸಿಟಿವ್ ನೆಗೆಟಿವ್ ಲೆಕ್ಕ

ಆಮವಾತ ಇರುವ ನೂರು ಜನರಲ್ಲಿ 70ರಿಂದ 80 ಜನಕ್ಕೆ ಆರ್‌ಎ ಫ್ಯಾಕ್ಟರ್ ಪಾಸಿಟಿವ್ ಬರುತ್ತದೆ. ಉಳಿದವರಿಗೆ ಕಾಯಿಲೆ ಇದ್ದರೂ ನೆಗೆಟಿವ್. ಇನ್ನೊಂದು ಕಡೆ ಹೆಪಟೈಟಿಸ್ ಸಿ, ಟಿಬಿ, ಇಳಿವಯಸ್ಸು, ಇಂಥ ಕಾರಣಕ್ಕೆ ಆಮವಾತ ಇಲ್ಲದವರಿಗೂ ಪಾಸಿಟಿವ್ ಬರಬಹುದು. ಆ್ಯಂಟಿ ಸಿಸಿಪಿ ಇದಕ್ಕಿಂತ ನಂಬಿಕಸ್ಥ. ಆಮವಾತ ಇಲ್ಲದ ನೂರರಲ್ಲಿ ಸುಮಾರು 95 ಜನಕ್ಕೆ ಅದು ನೆಗೆಟಿವ್ ಅಂತಲೇ ತೋರಿಸುತ್ತದೆ. ಲ್ಯಾಬ್ ಮಿತಿಯ ಮೂರು ಪಟ್ಟು ದಾಟಿದರೆ ಅದನ್ನು ಹೆಚ್ಚಿನ ಪಾಸಿಟಿವ್ ಅಂತ ಲೆಕ್ಕ ಹಾಕುತ್ತಾರೆ. ಅಂಥವರಿಗೆ ಮೂಳೆ ಸವೆಯುವ ಅಪಾಯ ಜಾಸ್ತಿ, ಅದಕ್ಕೇ ಡಾಕ್ಟರ್ ಮೊದಲಿನಿಂದಲೇ ಗಟ್ಟಿ ಚಿಕಿತ್ಸೆ ಶುರು ಮಾಡುತ್ತಾರೆ. ಬೀಡಿ, ಸಿಗರೇಟ್ ಸೇದುವವರಲ್ಲಿ ಈ ಪಾಸಿಟಿವ್ ಹೆಚ್ಚು ಕಾಣುತ್ತದೆ.

ಬರೀ ರಕ್ತ ನೋಡಿ ಆಮವಾತ ಅಂತ ಹೇಳಲು ಆಗುವುದಿಲ್ಲ. 2010ರಿಂದ ಬಳಕೆಯಲ್ಲಿರುವ ಅಂತಾರಾಷ್ಟ್ರೀಯ ಅಂಕಪಟ್ಟಿಯಲ್ಲಿ ಹತ್ತಕ್ಕೆ ಆರು ಅಂಕ ಬೇಕು. ಆರ್‌ಎ ಫ್ಯಾಕ್ಟರ್, ಸಿಸಿಪಿಗೆ ಹೆಚ್ಚೆಂದರೆ 3. ಇಎಸ್‌ಆರ್ ಅಥವಾ ಸಿಆರ್‌ಪಿಗೆ 1. ಕೀಲಿನ ತೊಂದರೆ ಶುರುವಾಗಿ ಆರು ವಾರ ದಾಟಿದ್ದರೆ 1. ಎಲ್ಲ ಸೇರಿದರೂ ಐದೇ ಆಯಿತಲ್ವಾ? ಉಳಿದದ್ದನ್ನು ಕೀಲುಗಳೇ ಕೊಡಬೇಕು. ಊದಿದ ಕೀಲು ಒಂದೂ ಇಲ್ಲದೆ, ಸುಮ್ನೆ ಪ್ಯಾಕೇಜಿನಲ್ಲಿ ಆರ್‌ಎ ಫ್ಯಾಕ್ಟರ್ 22 ಬಂತು ಅಂತ ಅಳುತ್ತಾ ಫೋನ್ ಮಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಆರು ವಾರದ ಮಾತಿಗೂ ಕಾರಣವಿದೆ. ವೈರಸ್ ಜ್ವರದ ಕೀಲುನೋವು ಆಮವಾತದಂತೆಯೇ ಕಾಣುತ್ತದೆ. 2006ರಲ್ಲಿ ನಮ್ಮ ರಾಜ್ಯದ ತುಂಬ ಚಿಕೂನ್‌ಗುನ್ಯಾ ಹಬ್ಬಿದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಿಂಗಳುಗಟ್ಟಲೆ ಗೆಣ್ಣು ಹಿಡಿದುಕೊಂಡವರು ಊರೂರಲ್ಲೂ ಇದ್ದರು. ಜ್ವರ ಬಂದು ಹೋದ ಮೇಲೆ ನೋವು ಶುರುವಾಗಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ.

ಒಮ್ಮೆ ಕಾಯಿಲೆ ಖಚಿತವಾಯಿತು ಅಂದ ಮೇಲೆ ಈ ಎರಡು ಟೆಸ್ಟನ್ನು ಪ್ರತಿ ಸಲ ಮಾಡಿಸುವುದರಲ್ಲಿ ಅರ್ಥವಿಲ್ಲ. ಆರ್‌ಎ ಫ್ಯಾಕ್ಟರ್ 120ರಿಂದ 90ಕ್ಕೆ ಇಳಿದರೆ ಕಾಯಿಲೆ ಅಷ್ಟು ಇಳಿಯಿತು ಅಂತ ಲೆಕ್ಕವಲ್ಲ. ಆ ದುಡ್ಡು ಉಳಿಸಿ.

ಹೆಜ್ಜೆ 5: ಎರಡನೇ ಗುಂಪು, ಉರಿಯೂತ ಎಷ್ಟಿದೆ?

ಇಎಸ್‌ಆರ್ ಬಹಳ ಸರಳವಾದ ಟೆಸ್ಟ್. ರಕ್ತವನ್ನು ಸಣ್ಣ ಕೊಳವೆಯಲ್ಲಿ ನೆಟ್ಟಗೆ ನಿಲ್ಲಿಸುತ್ತಾರೆ. ಒಂದು ಗಂಟೆಯಲ್ಲಿ ಕೆಂಪು ಕಣಗಳು ಎಷ್ಟು ಮಿಲಿಮೀಟರ್ ಕೆಳಗಿಳಿದವು ಅಂತ ಅಳೆಯುತ್ತಾರೆ. ಉರಿಯೂತ ಇದ್ದಾಗ ರಕ್ತದಲ್ಲಿ ಕೆಲವು ಪ್ರೋಟೀನ್ ಹೆಚ್ಚುತ್ತವೆ. ಆಗ ಕಣಗಳು ನಾಣ್ಯ ಪೇರಿಸಿಟ್ಟಂತೆ ಒಂದಕ್ಕೊಂದು ಅಂಟಿ, ಭಾರವಾಗಿ, ಬೇಗ ಇಳಿಯುತ್ತವೆ.

ವಯಸ್ಸಾದಂತೆ ಇಎಸ್‌ಆರ್ ತಾನಾಗಿ ಏರುತ್ತದೆ. ಒಂದು ಅಂದಾಜು ಲೆಕ್ಕ ಇದೆ. ಗಂಡಸರಿಗೆ ವಯಸ್ಸಿನ ಅರ್ಧ. ಹೆಂಗಸರಿಗೆ ವಯಸ್ಸಿಗೆ ಹತ್ತು ಸೇರಿಸಿ ಅದರ ಅರ್ಧ. 50 ವರ್ಷದ ಹೆಂಗಸಿಗೆ 30ರವರೆಗೆ ಇದ್ದರೂ ಗಾಬರಿಯಿಲ್ಲ. ರಿಪೋರ್ಟಿನಲ್ಲಿ ಮಾತ್ರ 20ಕ್ಕೇ ಮಿತಿ ಹಾಕಿ, 28ನ್ನು ದಪ್ಪ ಮಾಡಿರುತ್ತಾರೆ.

ರಕ್ತ ಕಡಿಮೆ ಇದ್ದರೂ ಇಎಸ್‌ಆರ್ ಏರುತ್ತದೆ. ನಮ್ಮ ಹೆಂಗಸರಲ್ಲಿ ಹಿಮೋಗ್ಲೋಬಿನ್ 9, 10 ಇರುವವರು ಎಷ್ಟು ಜನ! ಅವರ ಇಎಸ್‌ಆರ್ 45 ಬಂದರೆ ಅದರಲ್ಲಿ ಕೀಲಿನ ಪಾಲೆಷ್ಟು, ರಕ್ತಹೀನತೆಯ ಪಾಲೆಷ್ಟು? ಅದನ್ನು ಬೇರ್ಪಡಿಸಲು ಸಿಆರ್‌ಪಿ ಬೇಕು. ಬಸಿರಿನಲ್ಲೂ ಇಎಸ್‌ಆರ್ ಏರುತ್ತದೆ.

ಸಿಆರ್‌ಪಿ ಲಿವರ್ ತಯಾರಿಸುವ ಪ್ರೋಟೀನ್. ಉರಿಯೂತ ಶುರುವಾದ ಕೆಲವೇ ಗಂಟೆಯಲ್ಲಿ ಏರುತ್ತದೆ, ನಿಂತರೆ ಸುಮಾರು 19 ಗಂಟೆಗೊಮ್ಮೆ ಅರ್ಧವಾಗುತ್ತದೆ. ಇಎಸ್‌ಆರ್ ಹಾಗಲ್ಲ, ಇಳಿಯಲು ವಾರಗಳೇ ಬೇಕು. ಅದಕ್ಕೇ ಸಿಆರ್‌ಪಿ ನಾರ್ಮಲ್ ಆಗಿ, ಇಎಸ್‌ಆರ್ ಇನ್ನೂ ಮೇಲೆ ಇರುವುದು ಸಾಮಾನ್ಯ. ಬೆಂಕಿ ಆರಿದ ಮೇಲೂ ಒಲೆ ಬಿಸಿ ಇರುತ್ತದಲ್ಲ, ಹಾಗೆ.

ಸಿಆರ್‌ಪಿ ಒಮ್ಮೆಲೇ 80, 100ಕ್ಕೆ ಹಾರಿದ್ದರೆ ಮೊದಲ ಅನುಮಾನ ಸೋಂಕಿನ ಮೇಲಿರಲಿ. ಜ್ವರ ಇದೆಯಾ, ಮೂತ್ರ ಉರಿಯುತ್ತಿದೆಯಾ ನೋಡಿ. ದಪ್ಪ ಇರುವವರಲ್ಲಿ ಸಿಆರ್‌ಪಿ ಸ್ವಲ್ಪ ಮೇಲೆಯೇ ಇರುತ್ತದೆ. ಎಚ್‌ಎಸ್ ಸಿಆರ್‌ಪಿ (ಸಣ್ಣ ಪ್ರಮಾಣವನ್ನೂ ಅಳೆಯುವ ಸಿಆರ್‌ಪಿ ಟೆಸ್ಟ್) ಅಂತ ಬರೆದಿದ್ದರೆ ಅದರ ಪಕ್ಕದಲ್ಲಿ ಹೃದಯದ ಅಪಾಯದ ಮಿತಿಗಳನ್ನು ಕೊಟ್ಟಿರುತ್ತಾರೆ. ಆಮವಾತ ಇರುವವರು ಆ ಮಿತಿ ನೋಡಿ ಹೆದರಬಾರದು, ಕೀಲಿನ ಉರಿಯೂತಕ್ಕೇ ಅದು ಮಿತಿ ದಾಟುತ್ತದೆ.

ಎರಡು ಎಚ್ಚರಿಕೆ. ಆಮವಾತಕ್ಕೆ ಕೊಡುವ ಟೊಸಿಲಿಜುಮ್ಯಾಬ್ ಇಂಜೆಕ್ಷನ್ ಸಿಆರ್‌ಪಿ ತಯಾರಾಗುವುದನ್ನೇ ತಡೆಯುತ್ತದೆ. ಅದನ್ನು ತೆಗೆದುಕೊಳ್ಳುವವರಿಗೆ ಸೋಂಕು ಇದ್ದರೂ ಸಿಆರ್‌ಪಿ ನಾರ್ಮಲ್ ಕಾಣಬಹುದು. ಎರಡನೆಯದು, ಹೆಸರು ವಿಳಾಸ ಇಲ್ಲದ ಪೊಟ್ಟಣದ ಪುಡಿ. ಅದನ್ನು ತಿಂದು ವಾರದಲ್ಲಿ ನೋವು ಮಾಯವಾಗಿ ಸಿಆರ್‌ಪಿಯೂ ಇಳಿದರೆ, ಒಳಗೆ ಸ್ಟೀರಾಯ್ಡ್ ಬೆರೆಸಿರುವ ಅನುಮಾನ ಪಡಬೇಕು. ಇಂಥ ಬೆರಕೆ ಎಷ್ಟೋ ಸಲ ಸಿಕ್ಕಿಬಿದ್ದಿದೆ. ತಿಂಗಳುಗಟ್ಟಲೆ ತಿಂದು ಹಠಾತ್ತನೆ ಬಿಟ್ಟರೂ ಅಪಾಯ. ತಿಂದಿದ್ದರೆ ನಾಚಿಕೆ ಬೇಡ, ಡಾಕ್ಟರಿಗೆ ಪೊಟ್ಟಣವನ್ನೇ ತೋರಿಸಿ.

ಇನ್ನು, ಎರಡೂ ನಾರ್ಮಲ್ ಇದ್ದು ಕೀಲು ಊದಿದ್ದರೆ? ಕೀಲನ್ನು ನಂಬಿ. ಆಮವಾತ ಇರುವ ಬಹಳ ಜನರಲ್ಲಿ ಇವೆರಡೂ ನಾರ್ಮಲ್ ಇರುತ್ತವೆ. "ರಿಪೋರ್ಟ್ ಚೆನ್ನಾಗಿದೆಯಲ್ಲ, ನಿನಗೇನಾಗಿದೆ" ಅಂತ ಮನೆಯವರು ಕೇಳಿದಾಗ ಎಷ್ಟು ನೋವಾಗುತ್ತದೆ ಅಂತ ನಾನು ಬಲ್ಲೆ. ಅವರಿಗೆ ಈ ಸಾಲು ಓದಿಸಿ.

ಹೆಜ್ಜೆ 6: ಮೂರನೇ ಗುಂಪು, ಇಲ್ಲಿ ಉದಾಸೀನ ಬೇಡ

ನಾವು ಸಾಮಾನ್ಯವಾಗಿ ಸಿಆರ್‌ಪಿ ನೋಡಿ ಪುಟ ತಿರುಗಿಸಿಬಿಡುತ್ತೇವೆ. ನಿಜವಾಗಿ ಜೀವ ಕಾಯುವ ನಂಬರುಗಳು ಈ ಗುಂಪಿನಲ್ಲಿವೆ.

ಹೆಚ್ಚಿನವರು ತೆಗೆದುಕೊಳ್ಳುವುದು ಮೆಥೊಟ್ರೆಕ್ಸೇಟ್. ಇದು ವಾರಕ್ಕೆ ಒಂದೇ ದಿನದ ಮಾತ್ರೆ. ದಿನಾ ತೆಗೆದುಕೊಂಡು ಪ್ರಾಣಕ್ಕೇ ಕುತ್ತು ಬಂದ ಉದಾಹರಣೆಗಳಿವೆ. ಚೀಟಿಯ ಮೇಲೆ ಆ ದಿನದ ಹೆಸರನ್ನು ದೊಡ್ಡದಾಗಿ ಕನ್ನಡದಲ್ಲೇ ಬರೆಸಿಕೊಳ್ಳಿ. ಶುರು ಮಾಡಿದ ಮೊದಲ ಮೂರು ತಿಂಗಳು ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಆಮೇಲೆ ಎಲ್ಲ ಸರಿಯಿದ್ದರೆ ಸುಮಾರು ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಆಗಬೇಕು. ನೋವಿಲ್ಲ ಅಂತ ಇದನ್ನು ತಪ್ಪಿಸಬೇಡಿ.

ಲಿವರ್ ಸಾಲಿನಲ್ಲಿ ಎಸ್‌ಜಿಪಿಟಿ, ಎಸ್‌ಜಿಒಟಿ ನೋಡಿ. ಮಿತಿ ಸುಮಾರು 40 ಇರುತ್ತದೆ. ಮೆಥೊಟ್ರೆಕ್ಸೇಟ್ ನುಂಗಿದ ಒಂದೆರಡು ದಿನ ಇವು ತಾತ್ಕಾಲಿಕವಾಗಿ ಏರಬಹುದು. ಅದಕ್ಕೇ ನಾನು ಭಾನುವಾರ ಮಾತ್ರೆ ತೆಗೆದುಕೊಂಡರೆ ಶುಕ್ರವಾರ ಇಲ್ಲವೇ ಶನಿವಾರ ರಕ್ತ ಕೊಡುತ್ತೇನೆ. 50, 55 ಬಂದರೆ ಡಾಕ್ಟರ್ ಸಾಮಾನ್ಯವಾಗಿ ಮತ್ತೊಮ್ಮೆ ಮಾಡಿಸಿ ಅನ್ನುತ್ತಾರೆ. ಮಿತಿಯ ಮೂರು ಪಟ್ಟು, ಅಂದರೆ 120ರ ಆಚೆ ಹೋಗಿದ್ದರೆ ಮುಂದಿನ ಡೋಸ್ ನುಂಗುವ ಮೊದಲೇ ಫೋನ್ ಮಾಡಿ. ಲಿವರ್ ತಯಾರಿಸುವ ಆಲ್ಬುಮಿನ್ ಅನ್ನುವ ಪ್ರೋಟೀನ್ ಸಲದಿಂದ ಸಲಕ್ಕೆ ಇಳಿಯುತ್ತಿದ್ದರೂ ಹೇಳಿ.

ಲಿವರ್ ನಂಬರ್ ಏರಿದಾಗ ಮೆಥೊಟ್ರೆಕ್ಸೇಟ್ ಒಂದನ್ನೇ ದೂರಬೇಡಿ. ಮದ್ಯ, ಬೊಜ್ಜಿನ ಲಿವರ್, ಟಿಬಿ ಮಾತ್ರೆ, ಅತಿಯಾದ ಪ್ಯಾರಾಸಿಟಮಾಲ್, ಕಷಾಯ, ಎಲ್ಲವನ್ನೂ ಯೋಚಿಸಿ. ಕೋವಿಡ್ ಕಾಲದಲ್ಲಿ ದಿನಾ ಅಮೃತಬಳ್ಳಿ ಸೇವಿಸಿದ ಕೆಲವರ ಲಿವರ್ ಕೆಟ್ಟದ್ದನ್ನು ನಮ್ಮ ದೇಶದ ಲಿವರ್ ವೈದ್ಯರೇ ವರದಿ ಮಾಡಿದ್ದಾರೆ. ನಮ್ಮಂತೆ ದೇಹವೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ ಇರುವವರು ಇಂಥದ್ದನ್ನು ಕೇಳದೆ ಶುರು ಮಾಡಬಾರದು. ಹಿತ್ತಲಿನದು ಅಂದ ಮಾತ್ರಕ್ಕೆ ಔಷಧಿಯ ಪಟ್ಟಿಯಿಂದ ಬಿಡಬೇಡಿ.

ಸಿಬಿಸಿಯಲ್ಲಿ ಮೂರು ಸಾಲು ಸಾಕು. ಬಿಳಿ ರಕ್ತಕಣ 4,000ಕ್ಕಿಂತ ಕೆಳಗೆ, ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಕೆಳಗೆ ಜಾರುತ್ತಿದ್ದರೆ ಅದು ಮಾತ್ರೆಯಿಂದಲೂ ಇರಬಹುದು. ಸ್ಟೀರಾಯ್ಡ್ ತೆಗೆದುಕೊಂಡರೆ ಬಿಳಿ ಕಣ ಏರುತ್ತದೆ. ಪ್ಲೇಟ್‌ಲೆಟ್ ನಾಲ್ಕೂವರೆ ಲಕ್ಷ ದಾಟಿದ್ದರೆ ಕಾಯಿಲೆ ಜೋರಾಗಿರುವ ಸೂಚನೆ ಇರಬಹುದು. ಇನ್ನು ಹಿಮೋಗ್ಲೋಬಿನ್. ಹೆಂಗಸರಿಗೆ 12, ಗಂಡಸರಿಗೆ 13 ಕೆಳಮಿತಿ. ಆಮವಾತ ತಾನೇ ರಕ್ತ ಕಡಿಮೆ ಮಾಡುತ್ತದೆ. ಆಗ ಕಬ್ಬಿಣದ ಮಾತ್ರೆ ಎಷ್ಟು ತಿಂದರೂ ಏರುವುದಿಲ್ಲ, ಕಾಯಿಲೆ ಹತೋಟಿಗೆ ಬರಬೇಕು. ಕಬ್ಬಿಣವೇ ಕಡಿಮೆಯಿದ್ದರೆ ಬೇರೆ ಚಿಕಿತ್ಸೆ. ಅದನ್ನು ದೇಹದಲ್ಲಿ ಕೂಡಿಟ್ಟ ಕಬ್ಬಿಣ ತೋರಿಸುವ ಫೆರಿಟಿನ್ ಟೆಸ್ಟ್ ಹೇಳುತ್ತದೆ. ಆದರೆ ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳೇ ಏರಿ ನಾರ್ಮಲ್ ಕಾಣುತ್ತದೆ, ಆದ್ದರಿಂದ ಅದನ್ನು ಸಿಆರ್‌ಪಿ ಜೊತೆಗೇ ಓದಬೇಕು. ನೋವಿನ ಮಾತ್ರೆ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸೋರುತ್ತಿರಬಹುದು. ಮಲ ಕಪ್ಪಗಿದ್ದರೆ ಅಂದೇ ಹೇಳಿ.

ಕಿಡ್ನಿಗೆ ಕ್ರಿಯಾಟಿನಿನ್, ಕಿಡ್ನಿ ಹೊರಹಾಕುವ ಒಂದು ತ್ಯಾಜ್ಯ. ಮೆಥೊಟ್ರೆಕ್ಸೇಟ್ ಹೊರಹೋಗುವುದು ಕಿಡ್ನಿಯ ಮೂಲಕ. ಕಿಡ್ನಿ ನಿಧಾನವಾದರೆ ಔಷಧಿ ದೇಹದಲ್ಲೇ ಉಳಿದು ವಿಷವಾಗುತ್ತದೆ. ವಾಂತಿ ಭೇದಿಯಾಗಿ ಸೊರಗಿದ ವಾರ ಡೋಸ್ ತೆಗೆದುಕೊಳ್ಳುವ ಮೊದಲು ಕೇಳಿ. ತೆಳ್ಳಗಿನ ವಯಸ್ಸಾದವರಲ್ಲಿ ಮಾಂಸಖಂಡ ಕಡಿಮೆ, ಅವರಿಗೆ ಕ್ರಿಯಾಟಿನಿನ್ 1.0 ಅಂದರೂ ಕಿಡ್ನಿ ಶಕ್ತಿ ಕುಂದಿರಬಹುದು. ಅದಕ್ಕೆ ಕಿಡ್ನಿ ಎಷ್ಟು ಸೋಸುತ್ತಿದೆ ಅಂತ ಅಂದಾಜು ಹೇಳುವ ಇಜಿಎಫ್‌ಆರ್ ಅನ್ನೂ ನೋಡಿ.

ಬೇರೆ ಔಷಧಿಗಳ ಬಗ್ಗೆ ಚುಟುಕಾಗಿ. ಹೈಡ್ರಾಕ್ಸಿಕ್ಲೋರೋಕ್ವಿನ್‌ಗೆ ಕಣ್ಣಿನ ಪರೀಕ್ಷೆ ಬೇಕು: ಶುರುವಿನಲ್ಲಿ ಒಮ್ಮೆ, ಐದು ವರ್ಷದ ನಂತರ ಪ್ರತಿ ವರ್ಷ. ಲೆಫ್ಲುನೊಮೈಡ್‌ಗೆ ಲಿವರ್ ಜೊತೆ ಬಿಪಿ. ಟೊಫಾಸಿಟಿನಿಬ್‌ಗೆ ಸಿಬಿಸಿ, ಕೊಲೆಸ್ಟ್ರಾಲ್. ಸ್ಟೀರಾಯ್ಡ್‌ಗೆ ಸಕ್ಕರೆ, ಮುಖ್ಯವಾಗಿ ಊಟದ ನಂತರದ್ದು, ಮತ್ತು ಮೂಳೆಯ ಡೆಕ್ಸಾ ಸ್ಕ್ಯಾನ್. ಬಯಾಲಜಿಕ್ ಇಂಜೆಕ್ಷನ್‌ಗೆ ಮೊದಲು ಟಿಬಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮಾಡಿಸುತ್ತಾರೆ. ಮೈಯಲ್ಲಿ ಮಲಗಿರುವ ಟಿಬಿ ಎದ್ದುಬಿಡಬಾರದಲ್ಲ, ಅದಕ್ಕೆ. ಟಿಬಿ ಪರೀಕ್ಷೆ ಪಾಸಿಟಿವ್ ಬಂತು ಅಂದರೆ ಟಿಬಿ ಕಾಯಿಲೆ ಬಂದಿದೆ ಅಂತಲೇ ಅಲ್ಲ. ಎದೆಯ ಎಕ್ಸ್‌ರೇ ನೋಡಿ ಡಾಕ್ಟರ್ ಮುಂದಿನದನ್ನು ತೀರ್ಮಾನಿಸುತ್ತಾರೆ.

ಹೆಜ್ಜೆ 7: ನಿಮ್ಮ ಕೀಲಿನ ರಿಪೋರ್ಟ್ ನೀವೇ ಬರೆಯಿರಿ

ಕಾಯಿಲೆ ಎಷ್ಟು ಜೋರಾಗಿದೆ ಅಂತ ಅಳೆಯಲು ಸಿಡಿಎಐ ಅಂತ ಒಂದು ಲೆಕ್ಕವಿದೆ. ಅದಕ್ಕೆ ರಕ್ತವೇ ಬೇಡ. 28 ಕೀಲು ನೋಡಬೇಕು: ಎರಡು ಭುಜ, ಎರಡು ಮೊಣಕೈ, ಎರಡು ಮಣಿಕಟ್ಟು, ಎರಡು ಮಂಡಿ, ಬೆರಳ ಬುಡದ ಹತ್ತು ಗೆಣ್ಣು, ಬೆರಳ ನಡುವಿನ ಹತ್ತು ಗೆಣ್ಣು. ಒತ್ತಿದರೆ ನೋಯುವವು ಎಷ್ಟು, ಊದಿರುವವು ಎಷ್ಟು ಅಂತ ಎಣಿಸಿ. ಒಟ್ಟಾರೆ ಎಷ್ಟು ಕಷ್ಟವಾಗುತ್ತಿದೆ ಅಂತ ಸೊನ್ನೆಯಿಂದ ಹತ್ತರೊಳಗೆ ನೀವು ಒಂದು ಅಂಕ ಕೊಡಿ. ಡಾಕ್ಟರ್ ತಮ್ಮ ಅಂಕ ಕೊಡುತ್ತಾರೆ. ನಾಲ್ಕನ್ನೂ ಕೂಡಿಸಿ. 2.8ರೊಳಗೆ ಇದ್ದರೆ ಕಾಯಿಲೆ ಶಾಂತ. 10ರವರೆಗೆ ಕಡಿಮೆ. 22ರವರೆಗೆ ಮಧ್ಯಮ. ಅದರ ಮೇಲೆ ಜೋರು. ನೋಯುವವು 4, ಊದಿದವು 2, ನಿಮ್ಮ ಅಂಕ 4, ಡಾಕ್ಟರದು 3 ಅಂದರೆ 13. ಸಿಆರ್‌ಪಿ ಎಷ್ಟೇ ಚೆನ್ನಾಗಿರಲಿ, ಕಾಯಿಲೆ ಇನ್ನೂ ಮಧ್ಯಮ ಮಟ್ಟದಲ್ಲಿದೆ.

ಊತ ಗುರುತಿಸುವುದರಲ್ಲಿ ಡಾಕ್ಟರ ಬೆರಳು ನಮಗಿಂತ ಪಳಗಿದ್ದು, ಅವರ ಎಣಿಕೆಯೇ ಅಂತಿಮ. ಆದರೆ ಮನೆಯಲ್ಲಿ ತಿಂಗಳಿಗೊಮ್ಮೆ ಎಣಿಸಿಟ್ಟರೆ ಅವರಿಗೆ ಹೇಳಲು ನಿಮ್ಮ ಹತ್ತಿರ ಏನೋ ಇರುತ್ತದೆ. ಈ 28ರಲ್ಲಿ ಪಾದ ಇಲ್ಲ. ಹೆಜ್ಜೆ ಊರಿದರೆ ಕಲ್ಲು ತುಳಿದಂತೆ ಆಗುತ್ತಿದ್ದರೆ ನೀವಾಗಿಯೇ ಹೇಳಬೇಕು. ಎಕ್ಸ್‌ರೇ ಬರೆದಾಗಲೂ ಕೈ ಜೊತೆ ಪಾದದ್ದೂ ಬೇಕಾ ಅಂತ ಕೇಳಿ. ಮೂಳೆಯ ಅಂಚು ತಿಂದುಹೋಗುವುದು ಎಷ್ಟೋ ಸಲ ಪಾದದಲ್ಲೇ ಮೊದಲು ಕಾಣುತ್ತದೆ.

ಹೆಜ್ಜೆ 8: ಒಂದೇ ಹಾಳೆಯಲ್ಲಿ ಎಲ್ಲವನ್ನೂ ತನ್ನಿ

ನೋಟ್‌ಬುಕ್ಕಿನ ಒಂದು ಹಾಳೆಯನ್ನು ಅಡ್ಡ ಹಿಡಿದು ಗೆರೆ ಎಳೆಯಿರಿ. ತಾರೀಖು, ಬೆಳಗಿನ ಬಿಗಿತ ಎಷ್ಟು ನಿಮಿಷ, ಊದಿದ ಕೀಲು, ಇಎಸ್‌ಆರ್, ಸಿಆರ್‌ಪಿ, ಹಿಮೋಗ್ಲೋಬಿನ್, ಬಿಳಿ ಕಣ, ಪ್ಲೇಟ್‌ಲೆಟ್, ಎಸ್‌ಜಿಪಿಟಿ, ಕ್ರಿಯಾಟಿನಿನ್, ಆಗ ನಡೆಯುತ್ತಿದ್ದ ಮಾತ್ರೆ. ಇಷ್ಟು ಸಾಕು. ನಾಲ್ಕೈದು ಸಲದ್ದು ತುಂಬಿದ ಮೇಲೆ ಕಣ್ಣು ಅಡ್ಡಡ್ಡ ಓಡಿಸಿ. ಸಿಆರ್‌ಪಿ 34, 21, 12, 9 ಅಂತ ಬರುತ್ತಿದ್ದರೆ ಕೊನೆಯ 9 ದಪ್ಪ ಅಕ್ಷರದಲ್ಲಿದ್ದರೂ ಅದು ಒಳ್ಳೆಯ ಸುದ್ದಿ. ಎಸ್‌ಜಿಪಿಟಿ 19, 27, 34, 39 ಅಂತ ಹೋಗುತ್ತಿದ್ದರೆ ಎಲ್ಲವೂ ನಾರ್ಮಲ್ ಒಳಗೇ ಇದ್ದರೂ ಡಾಕ್ಟರಿಗೆ ತೋರಿಸಬೇಕಾದದ್ದು. ಒಂದೊಂದೇ ರಿಪೋರ್ಟ್ ನೋಡುವವರ ಕಣ್ಣಿಗೆ ಇವೆರಡೂ ಬೀಳುವುದಿಲ್ಲ.

ಹೊಸ ಮಾತ್ರೆ ಶುರುವಾದ ಹತ್ತೇ ದಿನಕ್ಕೆ ಸಿಆರ್‌ಪಿ ಮಾಡಿಸಿ ಬೇಸರ ಪಡಬೇಡಿ. ಮೆಥೊಟ್ರೆಕ್ಸೇಟ್ ಕೆಲಸ ತೋರಿಸಲು 6ರಿಂದ 12 ವಾರ ಹಿಡಿಯುತ್ತದೆ.

ಹೆಜ್ಜೆ 9: ಶುಕ್ರವಾರದವರೆಗೆ ಕಾಯಬಾರದ ಸಂದರ್ಭ

ಈ ಔಷಧಿಗಳ ಮೇಲಿರುವಾಗ 100.4 ಡಿಗ್ರಿ ದಾಟಿದ ಜ್ವರ, ಬಾಯಿ ತುಂಬ ಹುಣ್ಣು, ಕಣ್ಣು ಹಳದಿ, ಕಾರಣವಿಲ್ಲದೆ ಮೈಮೇಲೆ ನೀಲಿ ಕಲೆ, ಹೊಸದಾಗಿ ಒಣಕೆಮ್ಮು ಮತ್ತು ಏದುಸಿರು. ಇವು ಯಾವುದಿದ್ದರೂ ಅಂದೇ ಆಸ್ಪತ್ರೆಗೆ ಹೋಗಿ. ಬೇರೆಲ್ಲ ಕೀಲು ಸುಮ್ಮನಿದ್ದು ಒಂದೇ ಒಂದು ಕೀಲು ಕೆಂಪಾಗಿ, ಸುಡುತ್ತಾ, ಮುಟ್ಟಲಾಗದಷ್ಟು ನೋಯುತ್ತಿದ್ದರೆ ಅದು ಕೀಲಿಗೆ ಸೋಂಕು ಇಳಿದಿರುವ ಗುರುತಾಗಿರಬಹುದು. ಅದಕ್ಕೆ ಗಂಟೆಗಳ ಲೆಕ್ಕ. ರಾತ್ರಿಯಾದರೂ ಹೊರಡಿ, ಹೊರಡುವಾಗ ಆ ಒಂದು ಹಾಳೆಯನ್ನು ಕೈಯಲ್ಲಿ ಹಿಡಿದುಕೊಳ್ಳಿ. ಕ್ಯಾಶುವಾಲಿಟಿಯಲ್ಲಿ ನಿಮ್ಮನ್ನು ಮೊದಲ ಸಲ ನೋಡುವ ಡಾಕ್ಟರಿಗೆ ನೀವು ಯಾವ ಮಾತ್ರೆಯ ಮೇಲಿದ್ದೀರಿ, ಹಿಂದಿನ ನಂಬರುಗಳು ಏನಿದ್ದವು ಅಂತ ಅದೇ ಹೇಳುತ್ತದೆ.